ನೆಲದೊಳಗಿನ ನೀರು

ತಿಪಟೂರು ಸೀಮೆಯಲ್ಲಿ ಅಟ್ಟದ ಕಾಯನ್ನು ಕಿವಿ ಹತ್ತಿರ ಅಲ್ಲಾಡಿಸದೆ ಯಾರೂ ಸುಲಿಯಲ್ಲ. ಒಳಗೆ ನೀರು ಕುಲುಕಿದರೆ ಉಂಡೆ ಕೊಬ್ಬರಿ ಇನ್ನೂ ಆಗಿಲ್ಲ. ನೆಲಕ್ಕೂ ಇದೇ ಮಾತು.

ನಮ್ಮ ಟ್ರ್ಯಾಕ್ಟರ್ ಶೆಡ್ಡಿನ ಸಿಮೆಂಟ್ ನೆಲ ಡೀಸೆಲ್ ಕುಡಿದು ಕಪ್ಪಾಗಿತ್ತು. ಎಪಾಕ್ಸಿ ಬಳಿಸಲು ಹೊರಟಿದ್ದೆವು. ಮೊದಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಟ್ಟೆ. ತೆಗೆದರೆ ಅಡಿಯಲ್ಲಿ ಹನಿ! ಇಂಥ ನೆಲಕ್ಕೆ ಬಳಿದರೆ ಗುಳ್ಳೆಯೆದ್ದು ಸುಲಿದುಬರುತ್ತೆ, ಕೊಬ್ಬರಿ ಮಾರಿದ ದುಡ್ಡೂ ಹೋಗುತ್ತೆ. "ಬೇಸಿಗೆವರೆಗೂ ಕಾಯೋಣ ಬಿಡು" ಅಂದರು ಅಪ್ಪ. ಚಾವಣಿ ನೀರು ಗೋಡೆ ಬುಡದಲ್ಲಿ ನಿಲ್ಲದಂತೆ ಕಾಲುವೆ ತೆಗೆದೆವು.

ನೀವೂ ಬಳಿಸೋದಾದರೆ ಹೊಸ ಕಾಂಕ್ರೀಟಿಗೆ ಕನಿಷ್ಠ 28 ದಿನ ಬಿಡಿ. ಎಣ್ಣೆ ಕಲೆ ಪೂರ್ತಿ ತೆಗೆಸಿ, ನೆಲ ಉಜ್ಜಿಸಿ ಒರಟು ಮಾಡಿಸಿ. ಹಾಳೆಯ ಅಡಿ ಒಣಗಿದ್ದರೆ ಮಾತ್ರ ಡಬ್ಬ ತನ್ನಿ.