ಐದು ಇಡ್ಲಿಯ ಸಿನಿಮಾ

ನಮ್ಮ ಹಾಸ್ಟೆಲಿನ ಇಡ್ಲಿ ಗಟ್ಟಿ. ಸಿನಿಮಾಗಳಿಗೆ ನಾವು ನಕ್ಷತ್ರದ ಬದಲು ಇಡ್ಲಿ ಕೊಡಲು ಶುರು ಮಾಡಿದ್ದೇ ಆ ಕಾರಣಕ್ಕೆ. ಒಂದು ಇಡ್ಲಿ ಅಂದರೆ ಸಲೀಸಾಗಿ ಇಳಿಯುತ್ತೆ, ಧೈರ್ಯವಾಗಿ ಹೋಗಿ. ಮೂರು ಅಂದರೆ ಸಾಂಬಾರು ಜಾಸ್ತಿ ಬೇಕು, ಅಂದರೆ ಹಾಡಿನ ಬಲದ ಮೇಲೆ ಉಸಿರಾಡುತ್ತಿರುವ ಚಿತ್ರ. ಐದು ಇಡ್ಲಿ ಬಿತ್ತೆಂದರೆ ಅದರ ನಿರ್ದೇಶಕರು ಸ್ವಲ್ಪ ದಿನ ಮೈಸೂರಿನ ಕಡೆ ತಲೆ ಹಾಕದಿರುವುದು ಕ್ಷೇಮ.

1996ರಿಂದ 99ರವರೆಗಿನ ಮಾತು ಇದು. ಸರಸ್ವತಿಪುರಂನ ಆ ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಮೂವರು. ಹಾವೇರಿ ಕಡೆಯವನೊಬ್ಬ, ಮಂಡ್ಯ ಕಡೆಯವನೊಬ್ಬ, ತೀರ್ಥಹಳ್ಳಿಯ ಕಡೆಯಿಂದ ನಾನು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗಲು ಒಂದು ಸೆಮಿಸ್ಟರ್ ಬೇಕಾಯಿತು. ಅಷ್ಟರಲ್ಲಿ ಮೆಸ್ಸಿನ ಬಾಗಿಲ ಪಕ್ಕದ ಹಲಗೆಯ ಮೇಲೆ ಗೋಡೆ ಪತ್ರಿಕೆ ಅಂಟಿಸಲು ವಾರ್ಡನ್ ಒಪ್ಪಿದ್ದರು. ಷರತ್ತು ಎರಡೇ: ರಾಜಕೀಯ ಕೂಡದು, ಹುಡುಗಿಯರ ವಿಷಯ ಕೂಡದು. ಉಳಿದದ್ದು ಸಿನಿಮಾ. ಆ ವರ್ಷಗಳ ಕನ್ನಡ ಸಿನಿಮಾದಲ್ಲಿ ಹುಡುಗಿಯ ವಿಷಯ ಬಿಟ್ಟರೆ ಬೇರೇನಿದೆ ಎಂದು ಪಾಪ, ಅವರು ಯೋಚಿಸಿರಲಿಲ್ಲ.

ಒಂದು ಡ್ರಾಯಿಂಗ್ ಶೀಟು, ಎರಡು ಬಣ್ಣದ ಸ್ಕೆಚ್ ಪೆನ್ನು. ಹೆಸರಿಡುವಾಗಲೇ ಜಗಳವಾಗಿ ಪತ್ರಿಕೆ ಕೊನೆಯವರೆಗೂ ಹೆಸರಿಲ್ಲದೆಯೇ ಹೊರಟಿತು. ಧಾಟಿ ಮಾತ್ರ ಎಲ್ಲಿಂದ ಬಂದದ್ದೆಂದು ಯಾರಿಗೂ ಅನುಮಾನವಿರಲಿಲ್ಲ. ಮೂಲೆಯ ಟೀ ಅಂಗಡಿಗೆ ಬರುತ್ತಿದ್ದ ಒಂದೇ ಒಂದು ‘ಲಂಕೇಶ್ ಪತ್ರಿಕೆ’ಯನ್ನು ಇಪ್ಪತ್ತು ಜನ ಓದುತ್ತಿದ್ದೆವು. ಜಾಹೀರಾತಿಲ್ಲದ, ಕಪ್ಪುಬಿಳುಪಿನ ಆ ಪುಟಗಳಲ್ಲಿ ಸಿನಿಮಾಗಳಿಗೆ ಬೀಳುತ್ತಿದ್ದ ಏಟು ನೋಡಿ ಮೈ ಜುಮ್ಮೆನ್ನುತ್ತಿತ್ತು. ಆ ಪತ್ರಿಕೆಯ ಸಂಪಾದಕರು ‘ಪಲ್ಲವಿ’ ತೆಗೆದವರು, ಬೈಯುವ ಹಕ್ಕು ಸಂಪಾದಿಸಿಕೊಂಡವರು. ನಮಗೆ ಇದ್ದ ಹಕ್ಕು ಗಾಂಧಿ ಕ್ಲಾಸಿನ ಟಿಕೆಟ್ಟಿನದು.

ಬರೆಯುತ್ತಿದ್ದವನು ನಾನಾದರೂ ವಿಮರ್ಶೆ ನನ್ನದಲ್ಲ. ಅದು ಹುಟ್ಟುತ್ತಿದ್ದದ್ದು ಶಾಂತಲಾ ಅಥವಾ ಗಾಯತ್ರಿಯಲ್ಲಿ ಸೆಕೆಂಡ್ ಶೋ ಬಿಟ್ಟ ಮೇಲೆ, ಆ ಸರಿರಾತ್ರಿಯ ನಡಿಗೆಯಲ್ಲಿ. ಬೀದಿನಾಯಿಗಳನ್ನು ಬಿಟ್ಟರೆ ರಸ್ತೆ ನಮ್ಮದೇ. ಹಾವೇರಿಯವನು ಶುರು ಮಾಡುತ್ತಿದ್ದ, ಮಂಡ್ಯದವನು ಅಡ್ಡ ಬರುತ್ತಿದ್ದ, ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ನೆನಪಿಟ್ಟುಕೊಳ್ಳಲು ಒದ್ದಾಡುತ್ತಿದ್ದೆ. ಮರುದಿನ ಶೀಟಿನ ಮೇಲೆ ಇಳಿಯುವಾಗ ಅದರ ಅರ್ಧ ಸೊಗಸು ಸೋರಿಹೋಗಿರುತ್ತಿತ್ತು.

ನಮಗೆ ಅನ್ನ ಹಾಕಿದವರು ರಮೇಶ್ ಅರವಿಂದ್. ಊರೆಲ್ಲ ಅವರನ್ನು ‘ತ್ಯಾಗರಾಜ’ ಎಂದು ಕರೆಯುತ್ತಿದ್ದ ಕಾಲ. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ದಲ್ಲಿ ಬಾಲ್ಯದ ಗೆಳತಿಯನ್ನು ಗೆಳೆಯನಿಗೆ ಬಿಟ್ಟುಕೊಟ್ಟು ಅವರು ಊರಲ್ಲೇ ಉಳಿದದ್ದನ್ನು ನೋಡಿ ಹೊರಬಂದಾಗ ಹಾವೇರಿಯವನಿಗೆ ನಿಜವಾದ ಚಿಂತೆ: “ಅಲ್ಲಲೇ, ಈ ಮನಷಾ ಬಸ್ಸಿನ್ಯಾಗರ ಒಮ್ಮೆ ಸೀಟು ಹಿಡದು ಕುಂತಿದ್ದಾನೋ ಇಲ್ಲೋ?” ಅದಕ್ಕೆ ಮಂಡ್ಯದವನು, “ಟಿಕೆಟ್ನೂ ಪಕ್ಕದೋರ್ಗೆ ಕೊಟ್ಬುಟ್ಟು ನಡ್ಕೊಂಡೇ ಓಗಿರ್ತಾನೆ ಕಣ್ಲಾ” ಅಂದ. ಆ ವಾರದ ತಲೆಬರಹ ಅಲ್ಲೇ ಸಿಕ್ಕಿತು.

ಆಮೇಲೆ 1997ರಲ್ಲಿ ‘ಅಮೃತವರ್ಷಿಣಿ’ ಬಂತು. ದಿನೇಶ್ ಬಾಬು ನಿರ್ದೇಶನ. ಸುಹಾಸಿನಿ, ಶರತ್ ಬಾಬು ಸುಖವಾಗಿರುವ ಗಂಡಹೆಂಡಿರು. ನಡುವೆ ಬರುವ ಗೆಳೆಯ ರಮೇಶ್. ಥಿಯೇಟರಿನಲ್ಲಿ ಎಲ್ಲರೂ ತ್ಯಾಗಕ್ಕೆ ಸಿದ್ಧರಾಗಿ ಕೂತಿದ್ದರು. ಆ ಪುಣ್ಯಾತ್ಮ ಗಂಡನ ಸಾವಿಗೇ ಕಾರಣವಾಗಿಬಿಟ್ಟ! ನಡಿಗೆಯುದ್ದಕ್ಕೂ ಹಾವೇರಿಯವನು ಮಾತಾಡಲಿಲ್ಲ. ಹಾಸ್ಟೆಲಿನ ಗೇಟು ಹಾರುವಾಗ ಮೇಲೆ ಕೂತುಕೊಂಡೇ ಹೇಳಿದ: “ನೋಡ್ರಿಪಾ, ಹತ್ತ್ ಪಿಚ್ಚರ್‌ನ್ಯಾಗ ಬಿಟ್ಟುಕೊಟ್ಟಾಂವ ಹನ್ನೊಂದನೇದ್ರಾಗ ನಂಗ ಬೇಕು ಅಂದ. ಅಂದಿದ್ದಕ್ಕ ಕೊಲೆಗಾರ ಆದ.” ಅಮೃತವರ್ಷಿಣಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಇವತ್ತಿನವರೆಗೆ ಎಲ್ಲೂ ಓದಿಲ್ಲ. ಅರ್ಧ ಇಡ್ಲಿ ಕೊಟ್ಟೆವು.

ಅದೇ ವರ್ಷ ಎನ್.ಎಸ್. ಶಂಕರ್ ‘ಉಲ್ಟಾ ಪಲ್ಟಾ’ ತೆಗೆದರು. ಷೇಕ್ಸ್‌ಪಿಯರನ ಅವಳಿಜವಳಿ ಗೊಂದಲದ ಕಥೆ. ಒಬ್ಬ ರಮೇಶ್ ಸಾಲದೆಂದು ಇಬ್ಬರು. ಇಬ್ಬರಿದ್ದೂ ಒಬ್ಬನೂ ತ್ಯಾಗ ಮಾಡಲಿಲ್ಲ ಎಂದು ಬರೆದು ಮುಗಿಸಿದೆವು, ಏಕೆಂದರೆ ನಗಿಸುವ ಸಿನಿಮಾವನ್ನು ಗೇಲಿ ಮಾಡಲು ಹೋದರೆ ಗೇಲಿಯೇ ಸಪ್ಪೆಯಾಗುತ್ತದೆ. ಮರುವರ್ಷದ ‘ಯಾರೇ ನೀನು ಚೆಲುವೆ’ ನಮ್ಮ ಕೈಗೆ ಸುಲಭವಾಗಿ ಸಿಕ್ಕಿತು. ರವಿಚಂದ್ರನ್ ಮತ್ತು ಸಂಗೀತಾ ಮುಖ ನೋಡದೆಯೇ ಪ್ರೀತಿಸುವ ಕಥೆ ಅದು. “ಮೂರು ವರ್ಷದಿಂದ ನಾವೂ ಒಬ್ಬಳ ಮುಖವನ್ನೂ ನೇರ ನೋಡದೆ ಪ್ರೀತಿಸುತ್ತಿದ್ದೇವೆ, ನಮಗೆ ಯಾವ ಹಂಸಲೇಖನೂ ಹಾಡು ಹಾಕಲಿಲ್ಲ” ಎಂಬ ಸಾಲಿಗೆ ಸೀನಿಯರುಗಳು ಟೀ ಕೊಡಿಸಿದ್ದರು.

ಎಲ್ಲವೂ ಟೀಯಲ್ಲೇ ಮುಗಿಯಲಿಲ್ಲ. ಇಡ್ಲಿಯ ಲೆಕ್ಕ ಅಡುಗೆಭಟ್ಟರ ಕಿವಿಗೆ ಬಿದ್ದ ದಿನ ನಮ್ಮ ಮೂವರ ತಟ್ಟೆಗೂ ಕೇಳದೆಯೇ ತಲಾ ಐದೈದು ಬಿದ್ದವು, ಚಟ್ನಿಯಿಲ್ಲದೆ. “ಪೂರ್ತಿ ನೋಡಿ ಎದ್ದೇಳಿ, ಇಂಟರ್‌ವಲ್ಲಿಗೆ ಹೋಗೋ ಹಾಗಿಲ್ಲ” ಅಂದರು. ನಮ್ಮಲ್ಲಿ ಯಾರೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ.

ಸೊನ್ನೆ ಇಡ್ಲಿ ಪಡೆದ ಚಿತ್ರ ಒಂದೇ: ‘ಗಣೇಶನ ಮದುವೆ’. ಫಣಿ ರಾಮಚಂದ್ರರ 1990ರ ಆ ಚಿತ್ರ ನಾವು ಹಾಸ್ಟೆಲಿಗೆ ಬರುವ ಹೊತ್ತಿಗೆ ಹಳತಾಗಿತ್ತು. ಒಂದು ಭಾನುವಾರ ಹಾಲಿನ ಟಿ.ವಿ.ಯಲ್ಲಿ ಬಂತು. ವಠಾರದಲ್ಲಿ ದಿನಾ ಕಚ್ಚಾಡುವ ಹುಡುಗಿಯೇ ತಾನು ಮನಸೋತ ಹಾಡುಗಾರ್ತಿ ಎಂಬುದು ಅನಂತನಾಗ್‌ಗೆ ಗೊತ್ತಿಲ್ಲ. ನಮಗೆ ಗೊತ್ತು, ಅದೇ ಮಜಾ. ಮುಖ್ಯಮಂತ್ರಿ ಚಂದ್ರು ಮುಖ ಕೆಂಪಗೆ ಮಾಡಿಕೊಂಡು ಬಂದಾಗಲೆಲ್ಲ ನೂರು ಹುಡುಗರು ಒಟ್ಟಿಗೆ ನಗುವ ಸದ್ದಿಗೆ ಮುಂದಿನ ಮಾತು ಕೇಳಿಸುತ್ತಿರಲಿಲ್ಲ. ವಾರ್ಡನ್ ಬೈಯಲು ಬಂದವರು ಬಾಗಿಲಲ್ಲೇ ನಿಂತು ಕೊನೆಯವರೆಗೂ ನೋಡಿದರು. ತಪ್ಪು ಹುಡುಕಲು ನಾವು ಎರಡು ದಿನ ಕೂತೆವು. ಆ ವಾರ ಶೀಟಿನಲ್ಲಿ ತಟ್ಟೆಯ ಚಿತ್ರ ಮಾತ್ರ ಇತ್ತು, ಖಾಲಿ ತಟ್ಟೆ.

ಇನ್ನೊಂದು ವಿಷಯವನ್ನು ಈಗ ಹೇಳಿಬಿಡಬಹುದು. ‘ಅಮೆರಿಕಾ ಅಮೆರಿಕಾ’ ನೋಡುವಾಗ ಮಂಡ್ಯದವನು ಅತ್ತಿದ್ದ. ಕತ್ತಲೆಯಲ್ಲಿ ನನ್ನ ಕರ್ಚೀಫು ಕಸಿದು ಮೂಗು ಒರೆಸಿ ಹಾಗೆಯೇ ವಾಪಸು ಕೊಟ್ಟಿದ್ದ. ಬೆಳಿಗ್ಗೆ ನಾಲ್ಕು ಇಡ್ಲಿ ಹಾಕಲೇಬೇಕೆಂದು ಹಟ ಹಿಡಿದವನೂ ಅವನೇ. ಹೆಚ್ಚು ಅತ್ತವನೇ ಹೆಚ್ಚು ಇಡ್ಲಿ ಹಾಕುತ್ತಿದ್ದ. ನಾನು ಹಾಕಿದ ಐದರ ಲೆಕ್ಕವನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ.

ಪದವಿ ಮುಗಿದು ಒಬ್ಬೊಬ್ಬರು ಒಂದೊಂದು ದಿಕ್ಕಿಗಾದೆವು. ವರ್ಷಕ್ಕೊಮ್ಮೆ ಫೋನು, ಅದೂ ಮದುವೆಯ ಕರೆಯೋಲೆಗೆ. 2007ರ ಶುರುವಿನಲ್ಲಿ ಒಂದು ರಾತ್ರಿ ಒಂದೂವರೆಗೆ ಫೋನು ಹೊಡೆದುಕೊಂಡಿತು. ಆ ಹೊತ್ತಿನ ಫೋನೆಂದರೆ ಎದೆ ಝಲ್ಲೆನ್ನುವ ವಯಸ್ಸು ಬಂದಿತ್ತು. ಆ ಕಡೆ ಹಾವೇರಿಯವನು, ಗಂಟಲು ಕಟ್ಟಿದೆ.

“ಲೇ, ಮೊಲಾ ಸತ್ತ್ ಹೋತಲೇ.”

‘ಮುಂಗಾರು ಮಳೆ’ಯ ಸೆಕೆಂಡ್ ಶೋ ಮುಗಿಸಿ ಹೊರಗೆ ರಸ್ತೆಯಲ್ಲೇ ನಿಂತು ಮಾಡಿದ ಫೋನು ಅದು. ಮೊಲ ಅಂದರೆ ಗಣೇಶ್ ಹೊತ್ತುಕೊಂಡು ತಿರುಗುವ ದೇವದಾಸ. ಅಷ್ಟು ಹೇಳಿ ಸುಧಾರಿಸಿಕೊಂಡವನು ಹಳೆಯ ಧಾಟಿಗೆ ಬಂದ. ಜೋಗದ ನೀರು ಧಾರಾಳ, ಹುಡುಗಿಯನ್ನು ಬಿಟ್ಟುಕೊಟ್ಟದ್ದೂ ಧಾರಾಳ, ತ್ಯಾಗರಾಜರ ಖಾತೆ ಈ ಹೊಸ ಹುಡುಗನ ಹೆಸರಿಗೆ ವರ್ಗವಾಗಿದೆ. ಆಮೇಲೆ ಒಂದು ಕ್ಷಣ ಬಿಟ್ಟು ಕೇಳಿದ: “ಅನಂತನಾಗ್ ಹುಡುಗೀ ಅಪ್ಪ ಆಗ್ಯಾರ, ನೋಡಿದೇನು? ತೊಂಬತ್ತರಾಗ ಗಣೇಶನ ಮದುವಿ ಆತು. ಈಗ ಗಣೇಶನ ಮದುವಿ ಆಗ್ಲಿಲ್ಲ. ಎರಡಕ್ಕೂ ಅನಂತನಾಗೇ ಸಾಕ್ಷಿ.”

ನಾನು ನಕ್ಕ ರಭಸಕ್ಕೆ ಮಲಗಿದ್ದ ಮಗು ಎದ್ದು ಅತ್ತಿತು. ಮಂಡ್ಯದವನಿಗೂ ಆಗಲೇ ಫೋನು ಮಾಡಿ ಎಬ್ಬಿಸಿದೆವು. ಅವನು ಪಟ್ಟಾಗಿ ಐದು ಇಡ್ಲಿ ಅಂದ. ಅಂದರೆ ಅವನೂ ನೋಡಿದ್ದ.

ಶಾಂತಲಾ 2020ರಲ್ಲಿ ಮುಚ್ಚಿತು. ನಮ್ಮ ಶೀಟುಗಳಲ್ಲಿ ಬಹುಪಾಲು ಹಾಸ್ಟೆಲಿನ ಬಚ್ಚಲ ಒಲೆಗೆ ಹೋದದ್ದನ್ನು ನಾವೇ ಕಣ್ಣಾರೆ ನೋಡಿದ್ದೇವೆ. ‘ಅಮೃತವರ್ಷಿಣಿ’ಯದು ಮಾತ್ರ ಅಂಟಿಸಿದ ಎರಡನೇ ದಿನವೇ ಗೋಡೆಯಿಂದ ಕಾಣೆಯಾಗಿತ್ತು, ನಾಲ್ಕು ಮೂಲೆಯನ್ನೂ ಜೋಪಾನವಾಗಿ ಬಿಡಿಸಿಕೊಂಡು ಒಯ್ದಿದ್ದರು. ಆ ಕಾಲದಲ್ಲಿ ಸರಸ್ವತಿಪುರಂನ ಹಾಸ್ಟೆಲುಗಳಲ್ಲಿ ಇದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಮ್ಮೆ ಹಳೆಯ ಟ್ರಂಕು ತೆಗೆದು ನೋಡಿ. ಶೀಟು ವಾಪಸು ಕೊಡುವುದು ಬೇಡ. ಫೋಟೋ ತೆಗೆದು ಕಳಿಸಿದರೆ ಸಾಕು, ಗೇಟಿನ ಮೇಲೆ ಕೂತು ಅವನು ಹೇಳಿದ ಇನ್ನೊಂದು ಮಾತೂ ಅದರಲ್ಲಿತ್ತು, ಅದು ಮೂವರಿಗೂ ಮರೆತುಹೋಗಿದೆ.