ಗೋಲ್ಡ್‌ಫಿಶ್‌ಗೆ ಆಟ ಕಲಿಸಬೇಕೆ?

ಅಹಮದಾಬಾದಿಗೆ ಬಂದ ನೆಂಟರನ್ನು ಸಾಬರಮತಿ ಆಶ್ರಮದ ನಂತರ ನಾವು ಕರೆದೊಯ್ಯುವುದು ಸೈನ್ಸ್ ಸಿಟಿಗೆ. 2021ರ ಜುಲೈನಲ್ಲಿ ತೆರೆದ ಅಲ್ಲಿನ ಅಕ್ವಾಟಿಕ್ ಗ್ಯಾಲರಿಯ 28 ಮೀಟರ್ ಸುರಂಗದಲ್ಲಿ ನಡೆದರೆ ಶಾರ್ಕುಗಳು ತಲೆಯ ಮೇಲೆಯೇ ಈಜುತ್ತವೆ. ಸೂರತ್ತಿನಲ್ಲೂ ಪಾಲಿಕೆಯ ಅಕ್ವೇರಿಯಂ ಇದೆ. ನೋಡಿ ಬಂದ ಮಕ್ಕಳು ಮೀನು ಸಾಕೋಣ ಎನ್ನುತ್ತಾರೆ. ಗೋಲ್ಡ್‌ಫಿಶ್ ಬಳೆಯೊಳಗೆ ನುಸುಳುವ ವಿಡಿಯೊ ಕಂಡ ಮೇಲಂತೂ ಅದಕ್ಕೆ ಆಟವನ್ನೂ ಕಲಿಸೋಣ ಎನ್ನುತ್ತಾರೆ.

ಕಲಿಸಬಹುದು. ಮೀನಿನ ನೆನಪು ಮೂರೇ ಸೆಕೆಂಡು ಎಂಬುದು ಸುಳ್ಳು. ಚಕ್ರದ ಮೇಲಿನ ತೊಟ್ಟಿಯನ್ನು ಗುರಿಯತ್ತ ಓಡಿಸಲು ಇಸ್ರೇಲಿನ ಬೆನ್‌ಗುರಿಯನ್ ವಿಶ್ವವಿದ್ಯಾಲಯದವರು ಗೋಲ್ಡ್‌ಫಿಶ್‌ಗಳಿಗೆ ಕಲಿಸಿದ ಸುದ್ದಿ 2022ರಲ್ಲಿ ಬಂತು, ಬಹುಮಾನ, ಆಹಾರ. ಅಷ್ಟು ದೂರವೇಕೆ? ನಮ್ಮ ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮಂಡಕ್ಕಿ ಎರಚಿದರೆ ಮೀನುಗಳು ಮುತ್ತಿಕೊಳ್ಳುತ್ತವೆ. ಸಾಕೆನಿಸಿದರೆ ಮಡುವಿಗೆ ಮರಳುತ್ತವೆ.

ಫ್ಲ್ಯಾಟಿನ ಗಾಜಿನ ತೊಟ್ಟಿಯ ಮೀನಿಗೆ ಮರಳಲು ಮಡುವಿಲ್ಲ. ದಿನದ ಆಹಾರದಲ್ಲೇ ಒಂದೆರಡು ಕಾಳು ತೋರಿಸಿ ಬೆರಳು ಹಿಂಬಾಲಿಸಲು ಕಲಿಸಿದರೆ ಅದಕ್ಕೂ ಹೊತ್ತು ಹೋದೀತು. ಆದರೆ ಆಟಕ್ಕಾಗಿ ಉಪವಾಸ ಕೆಡವುವುದು, ಹೆಚ್ಚು ತಿನ್ನಿಸಿ ನೀರು ಕೆಡಿಸುವುದು ಬೇಡ. ಮೊದಲು ದೊಡ್ಡ ತೊಟ್ಟಿ, ಫಿಲ್ಟರ್, ಅಡಗಲು ಗಿಡ, ಬಳೆ ಆಮೇಲೆ. ಕರೆದಾಗ ಮೀನು ಬಾರದಿದ್ದರೆ ಆವತ್ತಿಗೆ ಆಟ ಮುಗಿಯಿತು.