ಅಡಿಯ ಸದ್ದು

ಪಕ್ಕದ ಮನೆಯ ಹುಡುಗ ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಕುಳಿತ. ಅವನದೊಂದು ಲಾರಿ ಉಂಟು, 2018ರ ಮಾಡೆಲ್. ಪಣಂಬೂರಿನಿಂದ ಘಟ್ಟದ ಮೇಲಕ್ಕೆ ಲೋಡು ಹೊಡೆಯುತ್ತಾನೆ. "ಅಂಕಲ್, ಬೆಂಗಳೂರಿನಿಂದ ಒಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಬರ್ತಾರಂತೆ. ಅರ್ಧ ಗಂಟೆಯ ಕೆಲಸ. ನಲ್ವತ್ತು ಐವತ್ತು ಹೆಚ್.ಪಿ. ಜಾಸ್ತಿ ಆಗ್ತದಂತೆ. ಶಿರಾಡಿಯಲ್ಲಿ ಸಲೀಸಾಗಿ ಹತ್ತಬಹುದಂತೆ. ಮಾಡಿಸಲಾ?" ಎಂದು ಕೇಳಿದ.

ನಾನು ಚಹಾದ ಲೋಟ ಕೆಳಗಿಟ್ಟೆ. ಒಳಗಿನಿಂದ ಹೆಂಡತಿ "ಇನ್ನು ಶುರು" ಎಂಬಂತೆ ಕೆಮ್ಮಿದಳು. ಈ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹುಡುಗನಿಗೆ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಕ್ಕಿಲ್ಲ.

1991ರಲ್ಲಿ ನಮ್ಮ ಅಪ್ಪನಿಗೆ ಒಂದು ಟಾಟಾ ಲಾರಿ ಇತ್ತು. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಝ್ ಕಂಪೆನಿಯ ಜೊತೆ 1954ರಲ್ಲಿ ಕೈಜೋಡಿಸಿ, 1969ರಲ್ಲಿ ಆ ಒಪ್ಪಂದ ಮುಗಿದರೂ, ಅಪ್ಪನ ಬಾಯಲ್ಲಿ ಅದು ಕೊನೆಯವರೆಗೂ 'ಬೆಂಝ್ ಗಾಡಿ'ಯೇ. ಇಪ್ಪತ್ತು ವರ್ಷ ಬೇರೆಯವರ ಲಾರಿ ಓಡಿಸಿ, ಸಾಲ ಮಾಡಿ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ದಕ್ಕೆಯಿಂದ ಬೆಂಗಳೂರಿಗೆ ಮೀನು ಸಾಗಿಸುವುದು ಅದರ ಕಸುಬು. ಬೋಟಿನಿಂದ ಇಳಿದ ಬಂಗುಡೆ ಬೂತಾಯಿಗೆ ಮಂಜುಗಡ್ಡೆಯ ಪುಡಿ ಸುರಿದು ಸಂಜೆ ಹೊರಟರೆ ಬೆಳಗಿನ ಹರಾಜಿಗೆ ಸುಮಾರು 350 ಕಿಲೋಮೀಟರು ಆಚೆ ಹೋಗಿ ನಿಂತಿರಬೇಕು. ಮೀನಿಗೆ ಕಾಯುವ ಗುಣ ಇಲ್ಲ. ಮೊದಲು ಮುಟ್ಟಿದ ಲಾರಿಗೆ ಒಂದು ದರ, ತಡವಾದದ್ದಕ್ಕೆ ಇನ್ನೊಂದು. ನಡುವೆ ಶಿರಾಡಿ ಘಾಟಿ ಮಲಗಿತ್ತು. ಗುಂಡ್ಯ ದಾಟಿದ ಮೇಲೆ ಸಕಲೇಶಪುರದವರೆಗೆ ಗಾಡಿ ನರಳುವುದನ್ನು ಕೇಳುತ್ತಾ ಕೂರಬೇಕು. ಹಿಂದಿನಿಂದ ಬಂದ ಹೊಸ ಲಾರಿಗಳು ನಮ್ಮನ್ನು ದಾಟಿ ಹೋಗುವಾಗ ಅಪ್ಪ ಆ ಕಡೆ ನೋಡುತ್ತಲೇ ಇರಲಿಲ್ಲ.

ನಾನು ಆ ವರ್ಷ ಕದ್ರಿ ಗುಡ್ಡದ ಪಾಲಿಟೆಕ್ನಿಕ್ಕಿನಿಂದ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹೊರಬಿದ್ದಿದ್ದೆ. ಇಪ್ಪತ್ತೊಂದರ ಪ್ರಾಯ. ಶಕ್ತಿ ಎಂದರೆ ಎಣ್ಣೆ ಮತ್ತು ಗಾಳಿ, ಎಣ್ಣೆ ಹೆಚ್ಚಿಸಿದರೆ ಶಕ್ತಿ ಹೆಚ್ಚುತ್ತದೆ ಎಂಬಷ್ಟು ವಿದ್ಯೆ ತಲೆಯಲ್ಲಿತ್ತು. ಅಪ್ಪನನ್ನು ಒಂದು ವಾರ ಕಾಡಿದೆ. ಡೀಸೆಲ್ ಪಂಪಿನ ಸೀಸದ ಸೀಲು ಒಡೆಸಿ ಎಣ್ಣೆ ಏರಿಸಿದ್ದಾಯಿತು. ಅಷ್ಟು ಸಾಲದೆಂದು ಟೈಮಿಂಗನ್ನೂ ತುಸು ಮುಂದಕ್ಕೆ ಸರಿಸಿದೆ. ಗಾಡಿ ಕಪ್ಪು ಹೊಗೆ ಉಗುಳುತ್ತಾ, ಮೂಗುದಾರ ಕಳಚಿದ ಕೋಣನ ಹಾಗೆ ಘಟ್ಟ ಹತ್ತಿತು. ಮೂರು ತಿಂಗಳು ಬೆಳಗಿನ ಹರಾಜಿಗೆ ಮೊದಲ ಸಾಲಿನಲ್ಲಿ ನಾವು. ಅಪ್ಪ ದಕ್ಕೆಯಲ್ಲಿ ನಾಲ್ಕು ಜನರ ಎದುರು "ನಮ್ಮ ಹುಡುಗ ಮಾಡಿದ್ದು" ಎಂದಿದ್ದರಂತೆ. ನನ್ನ ಎದುರು ಹೇಳಲಿಲ್ಲ. ಹೇಳುವ ಕ್ರಮವೂ ಇರಲಿಲ್ಲ.

ನಾನು ಲೆಕ್ಕ ಹಾಕದೇ ಬಿಟ್ಟದ್ದು ಏನೆಂದು ಈಗ ಹೇಳುತ್ತೇನೆ. ಆ ಇಂಜಿನಿಗೆ 697 ಎಂದು ಹೆಸರು. ಹೆಸರಿನಲ್ಲೇ ಜಾತಕ ಉಂಟು: ಆರು ಸಿಲಿಂಡರು, 97 ಮಿ.ಮೀ. ಬೋರು. ಅಂದರೆ ಪಿಸ್ಟನ್ನಿನ ತಲೆ ಸುಮಾರು 74 ಚದರ ಸೆಂಟಿಮೀಟರು. ಎಣ್ಣೆ ಉರಿದಾಗ ಒಂದು ಚದರ ಸೆಂಟಿಮೀಟರಿಗೆ 80 ಕಿಲೋ ಒತ್ತಡ ಹುಟ್ಟಿತೆಂದು ಇಟ್ಟುಕೊಳ್ಳಿ. ಪಿಸ್ಟನ್ನಿನ ಮೇಲೆ ಹತ್ತಿರ ಹತ್ತಿರ ಆರು ಟನ್ ಬಿತ್ತು. ಒತ್ತಡವನ್ನು 120ಕ್ಕೆ ಏರಿಸಿದರೆ ಒಂಬತ್ತು ಟನ್. 2400 ಸುತ್ತಿನಲ್ಲಿ ಒಂದೊಂದು ಸಿಲಿಂಡರಿಗೆ ಈ ಏಟು ಸೆಕೆಂಡಿಗೆ 20 ಸಲ. ಪಿಸ್ಟನ್ನು ಆ ಭಾರವನ್ನು ಕಾನ್‌ರಾಡಿಗೆ ದಾಟಿಸುತ್ತದೆ, ರಾಡು ಕ್ರ್ಯಾಂಕಿಗೆ, ಕ್ರ್ಯಾಂಕು ಏಳು ಮೈನ್ ಬೇರಿಂಗುಗಳಿಗೆ. ಬೇರಿಂಗ್ ಅಂದರೆ ಅರ್ಧಚಂದ್ರದ ಎರಡು ತೆಳು ಚಿಪ್ಪು. ಉಕ್ಕಿನ ಬೆನ್ನು, ತಾಮ್ರ ಸೀಸದ ಹೊಟ್ಟೆ. ಚಿಪ್ಪಿಗೂ ಕ್ರ್ಯಾಂಕಿಗೂ ನಡುವೆ ಇರುವುದು ಬರೇ ಆಯಿಲ್. ಭಾರ ಬಿದ್ದ ಜಾಗದಲ್ಲಿ ಆ ಆಯಿಲಿನ ಪದರ ತಲೆಗೂದಲಿನ ಹತ್ತರಲ್ಲೊಂದು ಪಾಲೂ ದಪ್ಪ ಇರುವುದಿಲ್ಲ. ಕ್ರ್ಯಾಂಕು ಜೋರಾಗಿ ತಿರುಗುವಾಗ ಆಯಿಲನ್ನು ತಾನೇ ಅಡಿಗೆ ಎಳೆದುಕೊಂಡು ತೇಲುತ್ತದೆ. ನಿಧಾನ ತಿರುಗುತ್ತಾ ಪೂರ್ತಿ ಭಾರ ಹೊತ್ತರೆ ಪದರ ಹರಿಯುತ್ತದೆ. ನಮ್ಮ ಡ್ರೈವರು ಮಾಡುತ್ತಿದ್ದದ್ದು ಅದನ್ನೇ. ಬಲ ಬಂತಲ್ಲ, ಗೇರು ಇಳಿಸುವುದು ಯಾಕೆ ಎಂದು ದೊಡ್ಡ ಗೇರಿನಲ್ಲೇ ಆಕ್ಸಿಲರೇಟರು ಒತ್ತಿ ಘಟ್ಟ ಹತ್ತಿಸುತ್ತಿದ್ದ. ಹಾಗೆ ಮಾಡಬಹುದು ಎಂದು ಹೇಳಿಕೊಟ್ಟವನು ನಾನೇ.

ಡಿಸೆಂಬರಿನ ಒಂದು ರಾತ್ರಿ ನಾನೂ ಕ್ಯಾಬಿನ್ನಿನಲ್ಲಿದ್ದೆ. ಉಪ್ಪಿನಂಗಡಿ ದಾಟುವಾಗ ಡ್ರೈವರು ತಲೆ ಓರೆ ಮಾಡಿ ಕೇಳಿಸಿಕೊಂಡ. "ಅಡಿಯಲ್ಲಿ ಒಂದು ಸದ್ದು ಉಂಟು" ಎಂದ. ನನಗೂ ಕೇಳಿಸಿತ್ತು: ಖಟ್, ಖಟ್ ಎಂದು, ದೂರದಲ್ಲಿ ಯಾರೋ ತೆಂಗಿನಕಾಯಿ ಸುಲಿದ ಹಾಗೆ. ನಾನು ಡಿಪ್ಲೊಮಾದವನು. "ಅದು ಇಂಜೆಕ್ಟರಿನದ್ದು. ಹೋಗ್ಲಿ" ಎಂದೆ.

ಗುಂಡ್ಯದ ಮೇಲೆ ಮೂರನೆಯ ತಿರುವಿನಲ್ಲಿ ಗುಡುಗಿನಂಥ ಶಬ್ದವಾಯಿತು. ಇಂಜಿನು ನಿಂತಿತು, ಲಾರಿ ಹಿಂದಕ್ಕೆ ಜಾರತೊಡಗಿತು. ಬ್ರೇಕು ಹಿಡಿಯುವುದರೊಳಗೆ ಕ್ಲೀನರ್ ಹುಡುಗ, ಹದಿನಾರರವನು, ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಲಾರಿ ಕಲ್ಲಿಗೆ ತಾಗಿ ನಿಂತಾಗ ಅವನ ಕೈಗೂ ಟಯರಿಗೂ ನಡುವೆ ಒಂದು ಗೇಣು. ಕೆಳಗೆ ಕತ್ತಲಲ್ಲಿ ಕೆಂಪುಹೊಳೆ ಹರಿಯುವ ಸದ್ದು. ಟಾರ್ಚು ಹಾಕಿ ನೋಡಿದರೆ ಬ್ಲಾಕಿನ ಪಕ್ಕೆಯಲ್ಲಿ ಕೈ ತೂರುವಷ್ಟು ದೊಡ್ಡ ತೂತು, ಅದರಿಂದ ಮುರಿದ ರಾಡಿನ ತುಂಡು ಹೊರಗೆ ನೋಡುತ್ತಿತ್ತು. ರಸ್ತೆಯ ತುಂಬ ಬಿಸಿ ಆಯಿಲು.

ಮೀನು ಏನಾಯಿತೆಂದು ಬರೆಯಬೇಕಾಗಿಲ್ಲ. ಅಮ್ಮನ ಸರ ಬ್ಯಾಂಕಿಗೆ ಹೋಯಿತು. ಅಪ್ಪ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಊಟ ಸೇರುತ್ತಿತ್ತು.

ಬಂದರಿನ ಹಿಂದೆ ಒಬ್ಬರು ಹಳೆಯ ಮಿಸ್ತ್ರಿ ಇದ್ದರು. ಲಾರಿ ಇಂಜಿನು, ಬೋಟಿನ ಇಂಜಿನು ಎರಡೂ ಅವರ ಕೈಗೆ ಬರುತ್ತಿದ್ದವು. ಅಪ್ಪ ನನ್ನನ್ನು ಅವರಲ್ಲಿ ಬಿಟ್ಟು, "ಇವನೇ ಮಾಡಲಿ, ನೀವು ತೋರಿಸಿ" ಎಂದು ಹೊರಟುಹೋದರು. (ನಾವೆಲ್ಲ ಮಾತಾಡುತ್ತಿದ್ದದ್ದು ತುಳುವಿನಲ್ಲಿ; ಇಲ್ಲಿ ಕನ್ನಡ ಮಾಡಿದ್ದೇನೆ.) ಮಿಸ್ತ್ರಿಯವರು ಮುರಿದ ರಾಡನ್ನು ಬದಿಗಿಟ್ಟು, ಅದರ ಚಿಪ್ಪುಗಳನ್ನು ಹುಡುಕಿ ತೆಗೆದರು. ಎರಡೂ ಒಂದರೊಳಗೊಂದು ಸೇರಿ ಹಪ್ಪಳದ ಹಾಗೆ ಸುರುಳಿಯಾಗಿದ್ದವು. "ರಾಡು ಮುರಿದು ಚಿಪ್ಪು ಹೋದದ್ದಲ್ಲ ಮಗಾ. ಚಿಪ್ಪು ಮೊದಲು ತಿರುಗಿದೆ. ತಿರುಗಿದಾಗ ಆಯಿಲಿನ ತೂತು ಮುಚ್ಚಿತು. ಮತ್ತೆ ರಾಡಾದರೂ ಎಷ್ಟು ತಡೆದೀತು?"

ಹೊಸದಾಗಿ ಬಲ ಬೇಕಾದರೆ ಹೊಸ ಸಾಮಾನು ಹಾಕುವುದು ಎಂದು ನಾನು ತಿಳಿದಿದ್ದೆ. ಮಿಸ್ತ್ರಿಯವರದ್ದು ಬರೇ ಅಳೆಯುವ ಕೆಲಸ. ಗುಜರಿಯಿಂದ ತಂದ ಬ್ಲಾಕಿನ ಆಯಿಲ್ ದಾರಿಗಳ ಬಿರಡೆಗಳನ್ನೆಲ್ಲ ಬಿಚ್ಚಿಸಿ, ತಂತಿಗೆ ಬಟ್ಟೆ ಸುತ್ತಿ ನನ್ನಿಂದ ಎರಡು ದಿನ ತಿಕ್ಕಿಸಿದರು. ಕ್ರ್ಯಾಂಕುಗಳು ಎರಡು ಸಿಕ್ಕಿದ್ದವು. ಮೊದಲನೆಯದನ್ನು ಹಗ್ಗದಲ್ಲಿ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರು. ದೇವಸ್ಥಾನದ ಗಂಟೆಯಂತೆ ಗುಂಯ್ಗುಡಬೇಕಾದದ್ದು ಬಿರುಕು ಬಿಟ್ಟ ಮಡಕೆಯ ಸ್ವರ ಕೊಟ್ಟಿತು. ಎರಡನೆಯದು ಹಾಡಿತು. ಆದರೂ ಬಿಡದೆ ಸೀಮೆಎಣ್ಣೆಯಲ್ಲಿ ಅದ್ದಿ, ಒರಸಿ, ಸುಣ್ಣದ ಪುಡಿ ಬಳಿದರು. ಬಿರುಕಿದ್ದರೆ ಒಳಗೆ ಕೂತ ಸೀಮೆಎಣ್ಣೆ ಹೊರಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಅರ್ಧ ಗಂಟೆ ಕಾದೆವು. ಗೆರೆ ಬರಲಿಲ್ಲ.

ಕ್ರ್ಯಾಂಕನ್ನು ರಿಕ್ಷಾದಲ್ಲಿ ಹೇರಿಕೊಂಡು ಬೈಕಂಪಾಡಿಗೆ ಗ್ರೈಂಡಿಂಗಿಗೆ ಹೋದಾಗ ಮಿಸ್ತ್ರಿಯವರೂ ಬಂದು ಮೆಶಿನ್ನಿನ ಪಕ್ಕದಲ್ಲೇ ನಿಂತರು. ಸವೆದ ಕ್ರ್ಯಾಂಕನ್ನು ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ಇಳಿಸುತ್ತಾರೆ: 0.25, 0.50, ಹೀಗೆ, ಅದಕ್ಕೆ ತಕ್ಕ ದಪ್ಪ ಚಿಪ್ಪು ಸಿಗುತ್ತದೆ. ನಮ್ಮದು ಮೊದಲನೆಯ ಇಳಿಕೆಯಲ್ಲೇ ಸಮವಾಯಿತು. ಅವರ ಕಣ್ಣಿದ್ದದ್ದು ಜರ್ನಲಿನ ಮೂಲೆಯ ಮೇಲೆ. ಜರ್ನಲು ಪಕ್ಕದ ಗೋಡೆಯನ್ನು ಸೇರುವಲ್ಲಿ ಒಂದು ಬಾಗು ಇರಬೇಕು, ಚೂಪು ಮೂಲೆ ಇರಬಾರದು. "ಹಲಸಿನ ಕೊಂಬೆ ಕಾಂಡಕ್ಕೆ ಸೇರುವ ಜಾಗ ನೋಡಿದ್ದೀಯಾ? ಮೂಲೆ ಉಂಟಾ ಅಲ್ಲಿ?" ಎಂದು ಕೇಳಿದರು. ನೋಡಿರಲಿಲ್ಲ. ಮನೆಗೆ ಹೋಗಿ ನೋಡಿದೆ. ಇರಲಿಲ್ಲ. ಕ್ರ್ಯಾಂಕು ಮುರಿಯುವುದು ಸಾಮಾನ್ಯವಾಗಿ ಆ ಮೂಲೆಯಿಂದಲೇ; ಅವಸರದ ಗ್ರೈಂಡಿಂಗ್ ಕಲ್ಲು ಆ ಬಾಗನ್ನು ತಿಂದುಬಿಟ್ಟರೆ ಎಷ್ಟು ಒಳ್ಳೆಯ ಉಕ್ಕಾದರೂ ಅಲ್ಲಿಂದ ಸೀಳು ಹೊರಡುತ್ತದೆ.

ಮೈನ್ ಬೇರಿಂಗಿನ ಏಳು ಮನೆಗಳು ಒಂದೇ ಗೆರೆಯಲ್ಲಿರಲಿಲ್ಲ. ಲೈನ್ ಬೋರಿಂಗ್ ಮಾಡಿಸಿದೆವು. ಆರು ರಾಡುಗಳನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಭಾರದವುಗಳನ್ನು ಅರದಿಂದ ತಿಕ್ಕಿ ಹಗುರದ್ದಕ್ಕೆ ಸಮ ಮಾಡಿದೆವು. ರಾಡಿನ ಬೋಲ್ಟು ಹಳೆಯದು ಬೇಡ ಎಂದರು. ಒಮ್ಮೆ ಎಳೆದುಹೋದ ಬೋಲ್ಟು ನೋಡಲು ಹೊಸದರಂತೆಯೇ ಇರುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಚಿಪ್ಪಿಗೂ ಕ್ರ್ಯಾಂಕಿಗೂ ನಡುವಿನ ಸಂದು ವ್ಯಾಸದ ಸಾವಿರದಲ್ಲೊಂದು ಪಾಲು ಎಂಬುದು ಅವರ ಅಂದಾಜು: 70 ಮಿ.ಮೀ. ಜರ್ನಲಿಗೆ 0.07, ಅಂದರೆ ಒಂದು ಕೂದಲು. ಹೆಚ್ಚಾದರೆ ಆಯಿಲು ಸೋರಿ ಒತ್ತಡ ಬೀಳುತ್ತದೆ, ಕಡಿಮೆಯಾದರೆ ಕಚ್ಚುತ್ತದೆ. ಒಂದೊಂದು ಕ್ಯಾಪು ಬಿಗಿದ ಮೇಲೂ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಐದನೆಯ ಕ್ಯಾಪು ಬಿಗಿದಾಗ ನನ್ನ ಕೈಗೆ ತುಸು ತಡೆಯಿತು. ಮುಂದೆ ಹೋಗೋಣವೆನಿಸಿತು, ಸಂಜೆಯಾಗಿತ್ತು. ಮಿಸ್ತ್ರಿಯವರು ಬೀಡಿ ಸೇದುತ್ತಾ ನನ್ನನ್ನೇ ನೋಡುತ್ತಿದ್ದರು, ಮಾತಾಡಲಿಲ್ಲ. ಬಿಚ್ಚಿದೆ. ಚಿಪ್ಪಿನ ಬೆನ್ನಿಗೆ ಬಟ್ಟೆಯ ಒಂದು ನೂಲು ಅಂಟಿತ್ತು.

ಇಂಜಿನು ಕೂರಿಸಿದ ದಿನ ಅಪ್ಪ ಬಂದು ಮರದ ಹಿಡಿಯ ಸ್ಕ್ರೂಡ್ರೈವರನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಏಳು ಜಾಗದಲ್ಲೂ ಕೇಳಿದರು. "ಪಂಪು?" ಎಂದರು. "ಮೊದಲಿನ ಹಾಗೇ ಮಾಡಿಸಿ ಸೀಲು ಹಾಕಿಸಿದ್ದೇನೆ" ಎಂದೆ. ಹರಾಜಿಗೆ ಮತ್ತೆ ಹಿಂದಿನ ಸಾಲಿಗೆ ಬಿದ್ದೆವು. ಸರ ಬಿಡಿಸಲು ನಾಲ್ಕು ವರ್ಷ ಹಿಡಿಯಿತು.

ಹಾಗಾದರೆ ಬಲ ಏರಿಸಲೇಬಾರದೇ? ಏರಿಸಬಹುದು. ಮುಂದೆ ಟಾಟಾ ಲಾರಿಗಳಿಗೆ ಕಮಿನ್ಸ್‌ನ ಟರ್ಬೊ ಇಂಜಿನು ಬಂತು. ನಮ್ಮ 697 ಸುಮಾರು 5.7 ಲೀಟರಾದರೆ ಅದು 5.9, ಹೊಟ್ಟೆ ಹೆಚ್ಚು ಕಡಿಮೆ ಅಷ್ಟೇ, ಬಲ ಬಹಳ ಜಾಸ್ತಿ. ಒಂದನ್ನು ಬಿಚ್ಚಿದ್ದಾರೆಂದು ತಿಳಿದು ನೋಡಲು ಓಡಿದೆ. ಎಲ್ಲರೂ ಮೇಲಿನ ಟರ್ಬೊ ನೋಡುತ್ತಿದ್ದರು. ನಾನು ಚೇಂಬರಿನ ಕಡೆಯಿಂದ ಬಗ್ಗಿದೆ. ಪ್ರತಿ ಪಿಸ್ಟನ್ನಿನ ಅಡಿಗೂ ಆಯಿಲು ಚಿಮ್ಮಿಸಿ ತಣಿಸಲು ಒಂದೊಂದು ಸಣ್ಣ ನಳಿಗೆ, ಆಯಿಲಿಗೇ ಒಂದು ಕೂಲರು. ಮೇಲೆ ಕೊಟ್ಟದ್ದಕ್ಕೆಲ್ಲ ಅಡಿಯಲ್ಲಿ ಲೆಕ್ಕ ಇಟ್ಟಿದ್ದರು.

ಹುಡುಗನಿಗೆ ಇಷ್ಟೆಲ್ಲ ಹೇಳುವಾಗ ಅವನು ಎರಡು ಸಲ ಮೊಬೈಲು ನೋಡಿದ. ತಪ್ಪಿಲ್ಲ. ಅವನ ಇಂಜಿನಿನಲ್ಲಿ ಸೀಸದ ಸೀಲೂ ಇಲ್ಲ, ಒಡೆಯುವ ಸದ್ದೂ ಇಲ್ಲ. ಪರದೆಯ ಮೇಲೆ ನಾಲ್ಕು ಅಂಕಿ ಬದಲಾದರೆ ಆಯಿತು. ಕೊನೆಗೆ ಇಷ್ಟೇ ಹೇಳಿದೆ: "ಲ್ಯಾಪ್‌ಟಾಪಿನವರನ್ನು ಕರೆಯುವ ಮೊದಲು ಚೇಂಬರು ಬಿಚ್ಚಿಸು. ಇಂಜಿನು ಇಳಿಸುವುದು ಬೇಡ. ಒಂದು ರಾಡಿನ ಮೇಲಿನ ಚಿಪ್ಪು, ಒಂದು ಮೈನಿನ ಕೆಳಗಿನ ಚಿಪ್ಪು ತೆಗೆದು ತಾ. ಏಟು ಬೀಳುವುದು ಅವೆರಡಕ್ಕೆ."

ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಮುಂದಿನ ಭಾನುವಾರ ಪೇಪರಿನಲ್ಲಿ ಸುತ್ತಿಕೊಂಡು ಬಂದ. ಜಗಲಿಯ ಬೆಳಕಿನಲ್ಲಿ ಬಿಚ್ಚಿದೆವು. ಮೈನಿನ ಚಿಪ್ಪು ಬೂದು ಬಣ್ಣದಲ್ಲೇ ಇತ್ತು. ರಾಡಿನದರ ನಡುಮಧ್ಯೆ ಹೆಬ್ಬೆರಳಿನಗಲ ತಾಮ್ರ ಕಾಣುತ್ತಿತ್ತು. ಅವನು ಅದರ ಮೇಲೆ ಬೆರಳಾಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಈಗ ಇದ್ದ ಹೆಚ್.ಪಿ.ಯಲ್ಲೇ ಹೀಗಾ ಅಂಕಲ್?"

"ಹೌದು."

"ಗ್ರೈಂಡಿಂಗಿಗೆ ಎಲ್ಲಿ ಕೊಡುವುದು?"

"ಬೇಕೋ ಬೇಡವೋ ಎಂದು ಮೊದಲು ಕ್ರ್ಯಾಂಕು ಅಳೆಯಬೇಕು. ಕೂತ್ಕೋ, ಅಂಗಿ ಹಾಕಿ ಬರ್ತೇನೆ."